ಒಲೆಯ ಮುಂದಿನ ಮಾತು

ಶಿಗ್ಗಾವಿಯ ಮಿಷನ್ ಓಣಿಯ ಉಪದೇಶಿ ದೇವಪುತ್ರಪ್ಪನವರ ರವಿವಾರದ ಆರಾಧನೆಯ ಪ್ರಸಂಗ ಕೇಳಲು ಜನ ಹಾದಿ ಕಾಯುತ್ತಿದ್ದರು ಎಂದರೆ ಈಗಿನವರು ನಂಬಲಿಕ್ಕಿಲ್ಲ. ಪ್ರಸಂಗದ ಹೊತ್ತೆಂದರೆ ಮರ್ಯಾದೆಯಿಂದ ತೂಕಡಿಸುವ ಹೊತ್ತು ಎಂದು ತಿಳಿದವರೇ ಎಲ್ಲ ಕಡೆ ಹೆಚ್ಚು. ಆದರೆ ಈ ಮನುಷ್ಯ ಸ್ವರ್ಗದಿಂದಲೋ ನರಕದಿಂದಲೋ ಮಾತು ಶುರು ಮಾಡುತ್ತಿರಲಿಲ್ಲ. ಅಡುಗೆಮನೆಯಿಂದ ಶುರು ಮಾಡುತ್ತಿದ್ದರು. "ಮೊನ್ನೆ ಬುಧವಾರ ನಮ್ಮ ಮನ್ಯಾಗ ಏನಾತಂದ್ರ..." ಎಂದು ಅವರ ಬಾಯಿಂದ ಹೊರಟರೆ ಸಾಕು, ಗೋಡೆಗೆ ಒರಗಿದವರು ನೆಟ್ಟಗಾಗುತ್ತಿದ್ದರು.

ಹೆಂಡತಿ ಅನ್ನವ್ವ ಹಾಲಿಗೆ ಹೆಪ್ಪು ಹಾಕಲು ಮರೆತದ್ದು, ಮರುದಿನ ಗಡಿಗೆ ತುಂಬ ಹಾಲು ಒಡೆದು ಕುಳಿತದ್ದು, ಒಂದು ಹನಿ ಮಜ್ಜಿಗೆ ಬಿದ್ದಿದ್ದರೆ ಅದೇ ಹಾಲು ಗಟ್ಟಿ ಮೊಸರಾಗುತ್ತಿತ್ತೆಂಬುದು, ಕೃಪೆಯೂ ಅಂಥದೇ ಒಂದು ಹನಿ ಎಂಬುದು. ಮಗಳು ಲೀದಿಯಾ ಬೆಲ್ಲ ಕದ್ದು ತಿಂದು "ನಾ ತಿಂದಿಲ್ಲ" ಎಂದದ್ದು, ತುಟಿಗೆ ಅಂಟಿದ ಬೆಲ್ಲಕ್ಕೆ ನೊಣ ಮುತ್ತಿ ಸಾಕ್ಷಿ ಹೇಳಿದ್ದು, ಪಾಪವನ್ನು ಬಾಯಿ ಮುಚ್ಚಿಟ್ಟರೂ ನೊಣ ಬಿಡುವುದಿಲ್ಲವೆಂಬುದು. ಜನ ನಗುತ್ತಿದ್ದರು, ನಕ್ಕು ಮನೆಗೆ ಹೋಗಿ ತಮ್ಮ ಬೆಲ್ಲದ ಡಬ್ಬಿಯನ್ನೂ ತಮ್ಮ ಪಾಪವನ್ನೂ ಒಮ್ಮೆ ನೋಡಿಕೊಳ್ಳುತ್ತಿದ್ದರು.

ತಿಂಗಳ ಮೊದಲ ರವಿವಾರ ಶಿಗ್ಗಾವಿ, ಎರಡನೆಯದು ಸವಣೂರು, ಮೂರನೆಯದು ಹಾನಗಲ್ಲು, ನಾಲ್ಕನೆಯದು ಹಿರೇಕೆರೂರು. ಎಲ್ಲ ಕಡೆ ಸಣ್ಣ ಸಣ್ಣ ಸಭೆಗಳು. ಸವಣೂರಿನಲ್ಲಿ ಯಾರದೋ ಹಿತ್ತಲ ಪಡಸಾಲೆ, ಹಿರೇಕೆರೂರಿನಲ್ಲಿ ಹತ್ತಿ ಪೇಟೆಯ ಹಿಂದಿನ ಒಂದು ಖೋಲಿ. ಹೀಗಾಗಿ ಒಂದು ದೃಷ್ಟಾಂತ ನಾಲ್ಕು ಊರಿಗೆ ಆಗುತ್ತಿತ್ತು. ಶಿಗ್ಗಾವಿಯಲ್ಲಿ ಹಸಿಬಿಸಿಯಾಗಿದ್ದದ್ದು ಹಿರೇಕೆರೂರು ಮುಟ್ಟುವಷ್ಟರಲ್ಲಿ ಹದವಾಗಿ ಬೆಂದಿರುತ್ತಿತ್ತು. ಉಪದೇಶಿಗಳ ಕಿಸೆಯಲ್ಲಿ ಒಂದು ಸಣ್ಣ ನೋಟಬುಕ್ಕು ಯಾವಾಗಲೂ ಇರುತ್ತಿತ್ತು.

ಆ ನೋಟಬುಕ್ಕಿನ ಅರ್ಧ ಅನ್ನವ್ವನ ಮಾತೇ. ಆಕೆ ಹಿರೇಕೆರೂರ ಕಡೆಯ ಹಳ್ಳಿಯವಳು. ದೇವಪುತ್ರಪ್ಪನವರ ತಂದೆ ಬೀರಪ್ಪ ಕುರಿ ಬಿಟ್ಟು ದೀಕ್ಷಾಸ್ನಾನ ತಗೊಂಡವನು. ಆದರೆ ಸೊಸೆ ಮಾತ್ರ ಹಳೆಯ ಬಳಗದಿಂದಲೇ ಬರಬೇಕೆಂದು ಹಟ ಹಿಡಿದು ತಂದ ಹುಡುಗಿ ಇವಳು. ಮದುವೆಗೆ ವಾರ ಮುಂಚೆ ಆಕೆಗೂ ದೀಕ್ಷಾಸ್ನಾನವಾಯಿತು. ಪಾದ್ರಿಗಳು ಹೊಸ ಹೆಸರು ಇಡಹೋದಾಗ, "ನಮ್ಮವ್ವ ಇಟ್ಟ ಹೆಸರು ಇರ್ಲಿ ಬಿಡ್ರಿ, ಅದೇನ್ ಪಾಪ ಮಾಡೇತಿ?" ಎಂದಳಂತೆ. ಅಂಥ ಮಾತುಗಾರ್ತಿ. ರೊಟ್ಟಿ ತಟ್ಟಲು ಕುಳಿತರೆ ಕೈಗಿಂತ ಬಾಯಿ ಚುರುಕು. ಓಣಿಯ ಕೋಳಿ ಜಗಳದಿಂದ ಹಿಡಿದು ತನ್ನ ಹೊಟ್ಟೆಯೊಳಗಿನ ಅಂಜಿಕೆಯವರೆಗೆ ಎಲ್ಲವನ್ನೂ ಒಲೆಯ ಮುಂದೆ ಗಂಡನಿಗೆ ಹೇಳುವಳು. ಅವರು ಮಣೆಯ ಮೇಲೆ ಕುಳಿತು ಬಿಸಿ ರೊಟ್ಟಿ ಮುರಿಯುತ್ತ ಕೇಳುವರು. ರವಿವಾರ ತನ್ನದೇ ಮಾತು ಪ್ರಸಂಗವಾಗಿ ಬಂದಾಗ ಆಕೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆಕೆಗೂ ಅದು ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಬೇಕು.

ಇದೆಲ್ಲ ಐವತ್ನಾಲ್ಕನೆಯ ಇಸವಿಯವರೆಗೆ.

ಆ ವರ್ಷ ಲೀದಿಯಾಳಿಗೆ ವಿಷಮಜ್ವರ ಬಂತು. ನಾಲ್ಕು ವರ್ಷದ ಕೂಸು. ಅದಕ್ಕೆ ಮೊದಲು ಹುಟ್ಟಿದ ಎರಡನ್ನು ಮಣ್ಣಿಗೆ ಕೊಟ್ಟಿದ್ದರು. ಡಾಕ್ಟರು ಔಷಧ ಕೊಟ್ಟರು, ಉಪದೇಶಿಗಳು ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಜ್ವರ ಮಾತ್ರ ಹದಿನೈದು ದಿನವಾದರೂ ಇಳಿಯಲಿಲ್ಲ. ಹದಿನಾರನೆಯ ದಿನ ದೇವಪುತ್ರಪ್ಪನವರು ಹಾನಗಲ್ಲಿಗೆ ಹೋಗಿದ್ದಾಗ, ಬಳೆ ಮಾರುವ ನೆರೆಮನೆಯ ಗೌಸಬಿ ಬಂದು ಕೂಸಿನ ಹಣೆ ಮುಟ್ಟಿ ನೋಡಿದಳು. "ಏಳವ್ವಾ, ಹುಲಗೂರಿಗೆ ಹೋಗಿ ಸಕ್ಕರಿ ಓದಿಸ್ಕೊಂಡು ಬರೂಣು. ಯಾರ ದೇವರಾದ್ರೇನು, ಕೂಸು ಉಳದ್ರ ಸಾಕು," ಎಂದಳು. ಅನ್ನವ್ವ ಒಂದು ಗಳಿಗೆ ಅಂಜಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ಗೌಸಬಿಯ ತಮ್ಮನ ಚಕ್ಕಡಿ ಹತ್ತಿದಳು. ಹುಲಗೂರಿನ ದರ್ಗಾದಲ್ಲಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿ, ಒಂದು ಚಿಟಿಕೆ ಕೂಸಿನ ನಾಲಿಗೆಗೆ ಹಚ್ಚಿ, ಸಂಜೆಯೊಳಗೆ ಮನೆಗೆ ಬಂದಳು.

ಮುಂದೆ ಐದಾರು ದಿನದಲ್ಲಿ ಜ್ವರ ಇಳಿಯಿತು. ಔಷಧಕ್ಕೋ ಪ್ರಾರ್ಥನೆಗೋ ಸಕ್ಕರೆಗೋ, ಹೇಳಬೇಕಾದವನು ಮೇಲಿದ್ದಾನೆ. ಕೂಸು ಎದ್ದು ಆಡತೊಡಗಿದ ಮೇಲೆ ಅನ್ನವ್ವನಿಗೆ ಅನ್ನ ಸೇರದಂತಾಯಿತು. ಒಂದು ದಿನ ರೊಟ್ಟಿ ಹೆಂಚಿನ ಮೇಲೆ ಹಾಕಿದ್ದನ್ನು ಮರೆತು ಕುಳಿತಳು. ಗಂಡ ಕೇಳಿದಾಗ ಅಳು ಒತ್ತಿಕೊಂಡು ಬಂತು.

"ಹೊಟ್ಯಾಗ ಇಟ್ಕೊಂಡು ಇರಾಕ ಆಗವಲ್ದರಿ. ನಿಮಗ ಹೇಳದ ಯಾರಿಗೆ ಹೇಳ್ಲಿ?" ಎಂದು ಹುಲಗೂರಿನ ಸಂಗತಿ ಎಲ್ಲ ಹೇಳಿದಳು.

ದೇವಪುತ್ರಪ್ಪನವರು ಸಿಟ್ಟಾಗಲಿಲ್ಲ. ಅದನ್ನಂತೂ ಹೇಳಲೇಬೇಕು. ಆಕೆಯ ತಲೆಯ ಮೇಲೆ ಕೈಯಿಟ್ಟು, "ಅಳಬ್ಯಾಡ. ದೇವರು ಕ್ಷಮಿಸ್ಯಾನ. ಮುಗೀತದು," ಎಂದರು. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಅನ್ನವ್ವ ಮೂಗು ಒರೆಸಿಕೊಂಡು ಕರಿದಾದ ರೊಟ್ಟಿ ತೆಗೆದು ಹೊಸದನ್ನು ಹಾಕಿದಳು.

ಮುಗಿದಿರಲಿಲ್ಲ. ಮೊದಲ ರವಿವಾರ ಬಂತು. "ಮೊನ್ನೆ ನಮ್ಮ ಮನ್ಯಾಗ ಏನಾತಂದ್ರ," ಎಂದು ಶುರುವಾಯಿತು. ವಿಶ್ವಾಸ ಹೇಗೆ ಹದಿನಾರನೆಯ ದಿನ ಮುರಿದುಬೀಳುತ್ತದೆ, ತಾಯಿಯ ಪ್ರೀತಿಯೊಳಗೇ ಪಾಪ ಹೇಗೆ ಹೊಕ್ಕು ಕುಳಿತಿರುತ್ತದೆ, ಪಶ್ಚಾತ್ತಾಪ ಪಟ್ಟವರನ್ನು ದೇವರು ಹೇಗೆ ಎತ್ತಿಕೊಳ್ಳುತ್ತಾನೆ, ಎಲ್ಲ ಬಂತು. ಚಕ್ಕಡಿ ಬಂತು, ಸಕ್ಕರೆ ಬಂತು, ಕರಿದಾದ ರೊಟ್ಟಿಯೂ ಬಂತು. ಅನ್ನವ್ವ ಸೆರಗು ಬಾಯಿಗೆ ಹಿಡಿದಿದ್ದಳು. ನಗುತ್ತಿರಲಿಲ್ಲ.

ಆಡಿದ ಮಾತು ಹಿರಿಯರ ಕೂಟಕ್ಕೆ ಹೋಗದೆ ಇರುತ್ತದೆಯೇ? ಸಭೆಯ ಕಟ್ಟಳೆ ಇತ್ತು: ಬೇರೆ ದೇವರಿಗೆ ನಡೆದುಕೊಂಡವರನ್ನು ಒಂದು ವರ್ಷ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ, ಪಂಕ್ತಿಯಿಂದ ಹೊರಗಿಡಬೇಕು. ಹಿರಿಯ ಉಡಚಪ್ಪನೇ ಹಿಂದೆಮುಂದೆ ನೋಡಿದ. "ತಾಯಿ ಜೀವ ಅದು, ಉಪದೇಶಿಗಳೇ. ಹೇಳಿ ಬುದ್ಧಿ ಕಲಿಸಿ ಬಿಡೂಣು."

"ಬ್ಯಾಡ್ರಿ," ಎಂದರು ದೇವಪುತ್ರಪ್ಪ. "ನನ್ನ ಮನಿ ಅಂತ ಬಿಟ್ರ, ನಾಳೆ ಮತ್ತೊಬ್ಬರಿಗೆ ಹೇಳಾಕ ನನಗ ಬಾಯಿ ಎಲ್ಲೇತಿ?"

ಊರೆಲ್ಲ ಅವರ ನಿಷ್ಪಕ್ಷಪಾತವನ್ನು ಕೊಂಡಾಡಿತು. ಹೆಂಡತಿಯ ಮುಖ ನೋಡದೆ ನ್ಯಾಯ ಹೇಳಿದ ಗಂಡಸು ಎಂದರೆ ನಮ್ಮ ಕಡೆ ದೊಡ್ಡ ಮಾತು. ಅವರಿಗೂ ಅದು ಹಿತವಾಗಿಯೇ ಇತ್ತು. ಆ ತಿಂಗಳು ಅದೇ ದೃಷ್ಟಾಂತ ಸವಣೂರಿಗೆ ಹೋಯಿತು, ಹಾನಗಲ್ಲಿಗೆ ಹೋಯಿತು. ಹಿರೇಕೆರೂರಿನಲ್ಲಿ, ಆಕೆಯ ತವರಿನ ಮಗ್ಗುಲಲ್ಲೇ, ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು.

ಒಂದು ವರ್ಷ ಅನ್ನವ್ವ ಚಪ್ಪಲಿ ಬಿಡುವ ಬಾಗಿಲ ಹತ್ತಿರದ ಕೊನೆಯ ಚಾಪೆಯ ಮೇಲೆ ಕುಳಿತಳು. ಹುಬ್ಬಳ್ಳಿಯಿಂದ ದೊಡ್ಡ ಪಾದ್ರಿಗಳು ಬಂದು ಭೋಜನ ಕೊಡುವ ದಿನ ಎಲ್ಲರೂ ಎದ್ದು ಮುಂದೆ ಹೋಗುವರು, ಆಕೆ ಕುಳಿತೇ ಇರುವಳು. ರೊಟ್ಟಿಯ ತಟ್ಟೆ ಹಿಡಿದು ನಿಲ್ಲುತ್ತಿದ್ದವರು ದೇವಪುತ್ರಪ್ಪನವರೇ. ಒಮ್ಮೆ ಲೀದಿಯಾ ಎಲ್ಲರಿಗೂ ಕೇಳುವಂತೆ, "ಅವ್ವಗ ಯಾಕ ಕೊಡಲಿಲ್ಲಪ್ಪ?" ಎಂದಳು. ಯಾರೋ ಅವಳ ಬಾಯಿ ಮುಚ್ಚಿದರು. ಮನೆಯಲ್ಲಿ ನಡೆದದ್ದನ್ನೆಲ್ಲ ಊರೂರಿಗೆ ಹೊತ್ತ ಉಪದೇಶಿಗಳು ಆ ಪ್ರಶ್ನೆಯನ್ನು ಮಾತ್ರ ಯಾವ ಊರಿನಲ್ಲೂ ಹೇಳಲಿಲ್ಲ.

ವರ್ಷ ಮುಗಿಯಿತು, ಆಕೆ ಮತ್ತೆ ಪಂಕ್ತಿಗೆ ಬಂದಳು. ಎಲ್ಲ ಮೊದಲಿನಂತಾಯಿತೆಂದು ದೇವಪುತ್ರಪ್ಪನವರು ತಿಳಿದರು. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬರುತ್ತಿತ್ತು, ಒಗೆದ ಧೋತರ ಸಿಗುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ಕೇಳಿದರೆ "ಹೂಂ ರಿ", ಮತ್ತೂ ಕೇಳಿದರೆ "ಏನಿಲ್ರಿ". ಜಗಳವಾಡಿದ್ದರೆ ಅವರಿಗೆ ತಿಳಿಯುತ್ತಿತ್ತೇನೋ. ಆಕೆ ಜಗಳವಾಡಲಿಲ್ಲ. ಲೀದಿಯಾ ಬೆಳೆದಂತೆ ಅವಳೂ ಅದೇ ಪಾಠ ಕಲಿತಳು. ತಂದೆಯ ಸೈಕಲ್ಲಿನ ಸಪ್ಪಳ ಕೇಳಿದರೆ ತಾಯಿ ಮಗಳ ನಗೆ ಅರ್ಧಕ್ಕೆ ನಿಲ್ಲುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಕುಳಿತು ಅವರು ಊರಿಗೆಲ್ಲ ಬೆಳಕು ಹಂಚಿದರು. ಮನೆಯ ದೃಷ್ಟಾಂತ ಸಿಗದಾದಾಗ ಒಂದಿಷ್ಟು ಕಟ್ಟಿ ಹೇಳತೊಡಗಿದರು. ಜನಕ್ಕೆ ವ್ಯತ್ಯಾಸ ತಿಳಿಯಲಿಲ್ಲ.

ಹೀಗೇ ಒಂಬತ್ತು ವರ್ಷ. ಅರವತ್ಮೂರರ ಸುಗ್ಗಿಯ ದಿನಗಳು. ಹಿರೇಕೆರೂರಿನಲ್ಲಿ ಪ್ರಸಂಗ ಮುಗಿಸಿ ಸೋಮವಾರ ಸಂತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅನ್ನವ್ವನ ತಮ್ಮ ಮೈಲಾರಲಿಂಗಪ್ಪ ಎದುರಾದ. ತಲೆ ಬೋಳಿಸಿಕೊಂಡಿದ್ದು, ಕೂದಲು ಮತ್ತೆ ಚಿಗುರಿತ್ತು.

"ಯಾಕೋ, ಯಾರ ಹೋದ್ರು?" ಎಂದು ದೇವಪುತ್ರಪ್ಪನವರು ಕೇಳಿದರು.

ಅವನು ಅವರ ಮುಖವನ್ನೇ ನೋಡಿದ. "ಅವ್ವ ಹೋಗಿ ಮೂರು ತಿಂಗಳಾತಲ್ರಿ ಮಾಮಾರ. ಅಕ್ಕ ಬಂದು ಮಣ್ಣು ಹಾಕಿ ಹೋದ್ಲು. ನೀವು ಹಾನಗಲ್ಲಿಗೆ ಹೋಗೀರಿ ಅಂದ್ಲು. ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತಿ," ಎಂದರು ದೇವಪುತ್ರಪ್ಪ. ಅಷ್ಟು ಚೊಕ್ಕ ಸುಳ್ಳನ್ನು ಅವರು ಆವರೆಗೆ ಹೇಳಿರಲಿಲ್ಲ.

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದರು. ಮೂರು ತಿಂಗಳ ಹಿಂದಿನ ಹಾನಗಲ್ಲಿನ ವಾರ. ಶುಕ್ರವಾರ ತಾವು ಹೊರಟಿದ್ದು, ಸೋಮವಾರ ಮಧ್ಯಾಹ್ನ ಮನೆ ಮುಟ್ಟಿದ್ದು. ಆ ನಡುವೆ ಆಕೆ ತಾಯಿಯ ಮಣ್ಣಿಗೆ ಹೋಗಿ ಬಂದಿದ್ದಳು. ಸೋಮವಾರ ಒಲೆಯ ಮುಂದೆ ಕುಳಿತವಳ ಕಣ್ಣು ಕೆಂಪಾಗಿದ್ದವು. ತಾವು ಕೇಳಿದ್ದರು. "ಹಸಿ ಕಟಿಗಿರಿ, ಹೊಗಿ," ಎಂದಿದ್ದಳು. ಆಮೇಲೆ ನೆನಪಾದದ್ದು ಅವರ ಎದೆ ಹಿಂಡಿತು: ಆ ಹೊಗೆಯ ಮೇಲೆ ತಾವು ಪ್ರಸಂಗ ಮಾಡಿದ್ದರು. ಪಾಪದ ಹಸಿ ಕಟ್ಟಿಗೆ ಉರಿಯುವುದಿಲ್ಲ, ಬರೀ ಕಣ್ಣು ಕೆಡಿಸುತ್ತದೆ ಎಂದು. ಆಕೆ ಮುಂದೆಯೇ ಕುಳಿತು ಕೇಳಿದ್ದಳು.

ಹೀಗೆ ಎದೆ ಹಿಂಡಿಸಿಕೊಂಡ ಮನುಷ್ಯನೇ ಹಾವೇರಿ ಬರುವಷ್ಟರಲ್ಲಿ ನೋಟಬುಕ್ಕು ತೆಗೆದು ಅರ್ಧ ಪುಟ ಬರೆದಿದ್ದ ಎಂದರೆ ನೀವು ಏನನ್ನುತ್ತೀರೋ. ಅತ್ತೆ ಹುಚ್ಚವ್ವ, ವಿಶ್ವಾಸದ ಬಾಗಿಲವರೆಗೆ ಬಂದರೂ ಒಳಗೆ ಕಾಲಿಡದೆ ಹೋದ ಆತ್ಮ, ಸಮಯವಿದ್ದಾಗಲೇ ಎಚ್ಚರಗೊಳ್ಳಿ. ಕೈ ತನ್ನಷ್ಟಕ್ಕೆ ಬರೆದಿತ್ತು. ಇಪ್ಪತ್ತು ವರ್ಷದ ರೂಢಿ.

ಮನೆಗೆ ಬಂದವರೇ ಅಡುಗೆಮನೆಗೆ ಹೋದರು. ಅನ್ನವ್ವ ಹಿಟ್ಟು ನಾದುತ್ತಿದ್ದಳು.

"ನಿಮ್ಮವ್ವ ಹೋಗಿದ್ದು ನನಗ್ಯಾಕ ಹೇಳಲಿಲ್ಲ?"

ಆಕೆಯ ಕೈ ನಿಂತಿತು. "ಹೇಳಿದ್ರ ಅವ್ವನ್ನ ನಾಕೂ ಊರಿಗೆ ಒಯ್ತಿದ್ರಿ," ಎಂದಳು. "ನನ್ನ ಒಯ್ದ್ರಿ, ಇರ್ಲಿ. ನಾ ಬದಕೇನಿ, ತಡಕೊಂಡೆ. ಅಕಿ ಸತ್ತಾಳರಿ. ಅಕೀನ್ನ ಬಿಡ್ರಿ."

ಹಾಗೇನಿಲ್ಲ ಎನ್ನಲು ಬಾಯಿ ತೆರೆದರು. ಕಿಸೆಯಲ್ಲಿ ಅರ್ಧ ಪುಟವಿತ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. ಜೀವಮಾನದಲ್ಲಿ ಮೊದಲ ಸಲ ತಮ್ಮ ಪಾಪ ತಮಗೆ ಕಂಡಿತು. ದೇವರು ಕ್ಷಮಿಸಿದ್ದಾನೆ ಎಂದು ತಲೆಯ ಮೇಲೆ ಇಟ್ಟ ಕೈಯಿಂದಲೇ ಆಕೆಯನ್ನು ನಾಲ್ಕು ಊರಿನ ಮುಂದೆ ಎಳೆದು ನಿಲ್ಲಿಸಿದ್ದರು. ಕೃಪೆ ಕೊಟ್ಟು ಮತ್ತೆ ಕಸಿದುಕೊಂಡಿದ್ದರು. ಆ ಸಂಜೆ ಅವರಿಗಾದ ದುಃಖ ನಿಜವಾದದ್ದು, ಅದರಲ್ಲಿ ಕಟ್ಟಿ ಹೇಳಿದ್ದು ಏನೂ ಇರಲಿಲ್ಲ.

ಆದರೆ ಹುಟ್ಟುಗುಣ ಬಿಟ್ಟೀತೇ? ಎಲ್ಲರೆದುರು ಮಾಡಿದ ತಪ್ಪನ್ನು ಎಲ್ಲರೆದುರೇ ಒಪ್ಪಿಕೊಳ್ಳಬೇಕು ಎಂದು ಅವರಿಗೆ ತೋರಿತು. ವಾದ ಸರಿಯಾಗಿಯೇ ಇತ್ತು. ಮುಂದಿನ ಮೊದಲ ರವಿವಾರ ಶಿಗ್ಗಾವಿಯ ಪೀಠದಲ್ಲಿ ನಿಂತು ತಮ್ಮನ್ನೇ ದೃಷ್ಟಾಂತ ಮಾಡಿಕೊಂಡರು. ಹೆಂಡತಿಯ ಗುಟ್ಟನ್ನು ಹೇಗೆ ಸಂತೆಗಿಟ್ಟೆ, ತಾಯಿ ಸತ್ತರೂ ಆಕೆ ಹೇಗೆ ಬಾಯಿ ಬಿಡದಾದಳು, ಅವಳ ಕಣ್ಣೀರನ್ನು ಹೊಗೆಯೆಂದು ನಂಬಿ ಹೇಗೆ ಅದರ ಮೇಲೂ ಪ್ರಸಂಗ ಮಾಡಿದೆ, ಒಂದೂ ಬಿಡಲಿಲ್ಲ. ಸಭೆಗೆ ಸಭೆಯೇ ಅತ್ತಿತು. ಉಡಚಪ್ಪ ಮುಂದೆ ಬಂದು ಎರಡೂ ಕೈ ಹಿಡಿದು, "ಇಂಥಾ ಪ್ರಸಂಗ ನಾ ಹುಟ್ಟಿ ಕೇಳಿರಲಿಲ್ರಿ," ಎಂದ.

ಕೊನೆಯ ಕೀರ್ತನೆಗೆ ಮೊದಲೇ ಅನ್ನವ್ವ ಎದ್ದು ಹೋಗಿದ್ದಳು. ದೇವಪುತ್ರಪ್ಪನವರು ಹಗುರಾದ ಮನಸ್ಸಿನಿಂದ ಮನೆಗೆ ಬಂದರು. ಇಂದು ಆಕೆ ಅಳುತ್ತಾಳೆ, ನಾನೂ ಅಳುತ್ತೇನೆ, ಒಂಬತ್ತು ವರ್ಷದ ಗಂಟು ಬಿಚ್ಚುತ್ತದೆ ಎಂದುಕೊಂಡಿದ್ದರು. ಆಕೆ ಒಲೆ ಹಚ್ಚುತ್ತಿದ್ದಳು.

"ಇದನ್ನೂ ಹೇಳಿಬಿಟ್ರಿ," ಎಂದಳು.

"ತಪ್ಪಾತು ಅಂತ ಹೇಳಿದೆನಲ್ಲ ಅನ್ನವ್ವಾ. ಎಲ್ಲಾರ ಮುಂದ ಹೇಳಿದೆ."

"ಎಲ್ಲಾರಿಗೂ ಹೇಳಿದ್ರಿ," ಎಂದಳು ಅನ್ನವ್ವ. "ನನಗ ಹೇಳಲಿಲ್ರಿ."

ಇಡೀ ಸಭೆಯನ್ನು ಅಳಿಸಿದ ಬಾಯಿಗೆ ಒಬ್ಬಳ ಮುಂದೆ ಒಂದು ಮಾತು ಹೊರಡಲಿಲ್ಲ. ಕೊನೆಗೆ ಮಣೆ ಎಳೆದುಕೊಂಡು ಕುಳಿತು, ನೆಲ ನೋಡುತ್ತ, "ನಂದು ತಪ್ಪಾತು," ಎಂದರು. ಅದಕ್ಕೆ ಮುಂದೆ ಏನೂ ಸೇರಿಸಲಿಲ್ಲ. ಸೇರಿಸಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದರು.

ಆಕೆ ತಾಟು ಮುಂದಿಟ್ಟಳು. "ರೊಟ್ಟಿ ಆರತಾವ. ತಿನ್ರಿ."

ಆ ತಿಂಗಳು ಅವರು ಸವಣೂರಿಗೆ ಹೋಗಲಿಲ್ಲ. ಪ್ರಸಂಗದ ಕೆಲಸದಿಂದ ಬಿಡಿಸಿರೆಂದು ಮೇಲಿನವರಿಗೆ ಬರೆದರು. ಕಾರಣ ಕೇಳಿದರೆ ಗಂಟಲು ಕೆಟ್ಟಿದೆ ಎಂದರು. ಹೊಸ ಉಪದೇಶಿ ಬಂದ; ಜನ ಮತ್ತೆ ಮರ್ಯಾದೆಯಿಂದ ತೂಕಡಿಸತೊಡಗಿದರು. ದೇವಪುತ್ರಪ್ಪನವರು ಮಿಷನ್ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟುಕೊಂಡು, ಶಾಲೆ ಬಿಟ್ಟ ಕೂಡಲೇ ಮನೆಗೆ ಬಂದು, ಒಲೆಯ ಮುಂದೆ ಕುಳಿತು ಅವರೆ ಸುಲಿಯುತ್ತಲೋ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೋ ಇರುತ್ತಿದ್ದರು. ಆಕೆ ಮಾತಾಡಲಿ ಎಂದು ಕಾಯುತ್ತಿದ್ದರು. ಆಕೆ ಮಾತಾಡುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ ಆಕೆಗೆ. ಮಾತು ಬರುವ ದಾರಿಯಲ್ಲೇ ಹುಲ್ಲು ಬೆಳೆದಿತ್ತು. ಒಂಬತ್ತು ವರ್ಷ ಆಕೆ ಒಂದು ದಿನವೂ ತಮಗೆ ತಂಗಳು ಬಡಿಸಲಿಲ್ಲವೆಂಬುದು ಅವರಿಗೆ ಈಗ ಹೊಳೆಯಿತು. ಕೊನೆಯ ಚಾಪೆಯ ಮೇಲೆ ಕುಳಿತು ಬಂದ ರವಿವಾರಗಳಲ್ಲೂ ಬಿಸಿ ರೊಟ್ಟಿಯೇ. ಕೃಪೆ ಎಂದರೆ ಏನೆಂದು ನಾಲ್ಕು ಊರಲ್ಲಿ ಗಂಟಲು ಹರಿದುಕೊಂಡವರು ಅದನ್ನು ಮೂರು ಹೊತ್ತೂ ಉಣ್ಣುತ್ತಿದ್ದರು, ರುಚಿ ತಿಳಿದಿರಲಿಲ್ಲ. ಇದನ್ನು ಅವರು ಮುಂದೆ ಯಾವಾಗಲೋ ಒಮ್ಮೆ ಲೀದಿಯಾಳ ಹತ್ತಿರ ಹೇಳಿದ್ದುಂಟು, ಅದೂ ಅರ್ಧಕ್ಕೆ ನಿಲ್ಲಿಸಿದರು.

ನಾಲ್ಕು ವರ್ಷ ಹೀಗೆ ಕಳೆದವು. ಅರವತ್ತೇಳರ ಚಳಿಯಲ್ಲಿ ಒಂದು ಮುಂಜಾನೆ, ಹೊಸ ಜೋಳದ ಹಿಟ್ಟು ತಟ್ಟುತ್ತಿದ್ದಾಗ, ಅನ್ನವ್ವ ತಾನಾಗಿ ಬಾಯಿ ತೆರೆದಳು. "ನಮ್ಮವ್ವ ಒಂದ್ಸಲ..." ಎಂದಳು. ಹೊರಗಿನ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದ ಲೀದಿಯಾಳಿಗೆ ಅಷ್ಟೇ ಕೇಳಿಸಿತು. ಆಮೇಲೆ ಆಕೆಯ ಧ್ವನಿ ಸಣ್ಣದಾಯಿತು. ಹತ್ತು ಹನ್ನೆರಡು ರೊಟ್ಟಿ ಬೇಯುವಷ್ಟು ಹೊತ್ತು ಅನ್ನವ್ವ ಮಾತಾಡಿದಳು. ನಡುವೆ ಒಮ್ಮೆ ನಕ್ಕಳು. ಒಮ್ಮೆ ಮೂಗು ಸೇದಿದಳು. ದೇವಪುತ್ರಪ್ಪನವರದು ಒಂದು ಮಾತೂ ಕೇಳಿಸಲಿಲ್ಲ. ಅವರು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಮಗಳು ಏನೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಏನು ಹೇಳಿದಳು ಎಂದು ನನ್ನನ್ನೂ ಕೇಳಬೇಡಿ.

ಅಂಥ ಬೆಳಗು ಇನ್ನೊಂದು ಬರಲಿಲ್ಲ. ಒಂದೆರಡು ಮಾತು ಆಗೀಗ ಬಂದವು, ಅಷ್ಟೇ. ಮರುವರ್ಷದ ಮಳೆಗಾಲದಲ್ಲಿ ಅನ್ನವ್ವನಿಗೆ ಎದೆಯಲ್ಲಿ ಕಫ ಕಟ್ಟಿ, ಎಂಟು ದಿನ ಮಲಗಿ, ಒಂಬತ್ತನೆಯ ದಿನ ತೀರಿಕೊಂಡಳು. ಹದಿಮೂರು ವರ್ಷದ ಮೌನವನ್ನು ಮುರಿಯಲು ಇನ್ನೂ ಎಷ್ಟೋ ಬೆಳಗು ಬೇಕಾಗಿದ್ದವು. ಆ ವರ್ಷಗಳನ್ನು ಹಾಳು ಮಾಡಿದವರು ತಾವೇ ಎಂಬುದು ದೇವಪುತ್ರಪ್ಪನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಣ್ಣಿಗೆ ಒಯ್ಯುವ ಮೊದಲು ಪ್ರಾರ್ಥನಾ ಮನೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು. ಸವಣೂರು, ಹಾನಗಲ್ಲು, ಹಿರೇಕೆರೂರಿನಿಂದಲೂ ಜನ ಬಂದಿದ್ದರು. ಗೌಸಬಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಪಾದ್ರಿಗಳು, "ಉಪದೇಶಿಗಳು ತಮ್ಮ ಮಡದಿಯ ಬಗ್ಗೆ ಎರಡು ಮಾತು ಹೇಳಬೇಕು," ಎಂದರು. ದೇವಪುತ್ರಪ್ಪನವರು ಎದ್ದು ನಿಂತರು. ಐದು ವರ್ಷದ ಮೇಲೆ ಅವರು ಸಭೆಯ ಮುಂದೆ ನಿಂತದ್ದು. ಗೋಡೆಗೆ ಒರಗಿದವರು ನೆಟ್ಟಗಾದರು. ಪಾಪ ಎಂದರೆ ಏನು, ಕೃಪೆ ಎಂದರೆ ಏನು ಎಂದು ಹೇಳಲು ಅವರ ಬಳಿ ಆ ದಿನ ಇದ್ದಂಥ ದೃಷ್ಟಾಂತ ಬೇರೆ ಯಾರ ಬಳಿಯೂ ಇರಲಿಲ್ಲ. ಹೇಳಿದ್ದರೆ ಕಲ್ಲೂ ಕರಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

ಪೆಟ್ಟಿಗೆಯನ್ನು ನೋಡಿದರು. ಜನರನ್ನು ನೋಡಿದರು.

"ಅಕಿ ಮಾತು ಅಕೀವು ರಿ," ಎಂದು ಹೇಳಿ ಕುಳಿತುಬಿಟ್ಟರು.

ಜನಕ್ಕೆ ನಿರಾಸೆಯಾಯಿತು. ಅಷ್ಟು ದೂರದಿಂದ ಬಂದಿದ್ದರು. ಹೊರಗೆ ಚಪ್ಪಲಿ ಮೆಟ್ಟುತ್ತ, "ಹೇಣ್ತಿ ಸತ್ರೂ ಬಾಯಾಗ ಎರಡು ಮಾತು ಬರಲಿಲ್ಲಲ್ಲ, ಎಂಥಾ ಕಲ್ಲು ಮನಸೋ," ಎಂದು ಉಡಚಪ್ಪ ಗೊಣಗಿದ್ದು ದೇವಪುತ್ರಪ್ಪನವರ ಕಿವಿಗೂ ಬಿತ್ತು. ಅವರು ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟು, ಉಳಿದವರ ಜೊತೆ ಹೆಜ್ಜೆ ಹಾಕಿದರು.